ಮುಟ್ಟಿದೆಯೋ ಇಲ್ಲವೋ: ಕಂಪ್ಯೂಟರಿಗೆ ಸಂಪರ್ಕ ಕಲಿಸಿದ ಕಥೆ

20 ಮಿ.ಮೀ. ವ್ಯಾಸದ ಉಕ್ಕಿನ ಗುಂಡೊಂದನ್ನು ದಪ್ಪನೆಯ ಉಕ್ಕಿನ ದಿಮ್ಮಿಯ ಮೇಲಿಟ್ಟು 100 ನ್ಯೂಟನ್, ಅಂದರೆ ಸುಮಾರು ಹತ್ತು ಕಿಲೋ ತೂಕದಷ್ಟು ಬಲದಿಂದ ಒತ್ತಿದರೆ ಎರಡೂ ಒಂದನ್ನೊಂದು ಮುಟ್ಟುವುದು 0.19 ಮಿ.ಮೀ. ತ್ರಿಜ್ಯದ ಪುಟ್ಟ ವೃತ್ತದಲ್ಲಿ ಮಾತ್ರ. ಗುಂಡು ಕೆಳಗಿಳಿಯುವುದು ಮೂರೂವರೆ ಮೈಕ್ರಾನ್. ಆದರೆ ಆ ವೃತ್ತದ ನಡುವಿನ ಒತ್ತಡ 1,370 ಮೆಗಾಪಾಸ್ಕಲ್ ಆಸುಪಾಸಿಗೆ ಏರಿರುತ್ತದೆ. ಬಲವನ್ನು ಎಂಟು ಪಟ್ಟು ಮಾಡಿದರೂ ವೃತ್ತದ ತ್ರಿಜ್ಯ ಎರಡು ಪಟ್ಟಷ್ಟೇ ಆಗುತ್ತದೆ.

ಇಷ್ಟೆಲ್ಲ ಪೆನ್ನು-ಕಾಗದದಲ್ಲೇ ಸಿಗುವ ಉತ್ತರ. ಇದೇ ಗುಂಡನ್ನು ಫೈನೈಟ್ ಎಲಿಮೆಂಟ್ ತಂತ್ರಾಂಶಕ್ಕೆ ಕೊಟ್ಟು, 1 ಮಿ.ಮೀ. ಮೆಶ್ (ಲೆಕ್ಕದ ಜಾಲರಿ) ಹಾಕಿ, ಬಲ ಹೇರಿದರೆ ಇಡೀ ಸಂಪರ್ಕವೇ ಜಾಲರಿಯ ಒಂದು ಗಂಟಿನ, ಅಂದರೆ ಒಂದು ನೋಡ್‌ನ ಕೆಳಗೆ ಅಡಗಿಹೋಗುತ್ತದೆ. ಒಂದೇ ಬಿಂದುವಿನ ಮೇಲೆ ನಿಂತ ಗುಂಡು ಯಾವ ಕಡೆಗಾದರೂ ಉರುಳಬಹುದು. ಅದನ್ನು ತಡೆಯುವ ಬಿಗಿತ ಆ ಮಾದರಿಯಲ್ಲಿ ಎಲ್ಲೂ ಇಲ್ಲ. ಸಾಲ್ವರ್ ಬಲವನ್ನು ಕಡಿಮೆ ಮಾಡಿಕೊಂಡು ಮತ್ತೆ ಯತ್ನಿಸುತ್ತದೆ, ಇನ್ನಷ್ಟು ಕಡಿಮೆ ಮಾಡುತ್ತದೆ, ಕೊನೆಗೆ ಕೈಚೆಲ್ಲುತ್ತದೆ. ಬೆಂಗಳೂರಿನ ವಿನ್ಯಾಸ ಕಚೇರಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ‘ಕನ್ವರ್ಜ್ ಆಗ್ತಿಲ್ಲ’, ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುತ್ತಿಲ್ಲ, ಎಂಬ ದೂರಿನ ಬೇರು ಇರುವುದು ಈ ಸಮಸ್ಯೆಯ ಹುಟ್ಟುಗುಣದಲ್ಲಿ.

ಪೆನ್ನು-ಕಾಗದದ ಆ ಉತ್ತರ ಹೈನ್ರಿಕ್ ಹರ್ಟ್ಸ್ ಅವರದು. ರೇಡಿಯೋ ಅಲೆಗಳಿಂದ ಹೆಸರಾಗುವ ಎಷ್ಟೋ ಮುಂಚೆ, ಬರ್ಲಿನ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಅವರ ಸಹಾಯಕರಾಗಿದ್ದ 23ರ ಹರೆಯದಲ್ಲಿ, 1880ರ ಕ್ರಿಸ್‌ಮಸ್ ರಜೆಯಲ್ಲಿ ಅವರು ಇದನ್ನು ಬಿಡಿಸಿದರು. ಅವರನ್ನು ಕಾಡಿದ್ದು ಗಾಜಿನ ಮಸೂರಗಳ ನಡುವೆ ಕಾಣುವ ನ್ಯೂಟನ್ ಉಂಗುರಗಳು: ಮಸೂರಗಳು ಒತ್ತಿಕೊಂಡಾಗ ಗಾಜೇ ಬಾಗಿದರೆ ಉಂಗುರಗಳ ಆಕಾರ ಏನಾಗುತ್ತದೆ? 1882ರಲ್ಲಿ ಅಚ್ಚಾದ ಆ ಪ್ರಬಂಧ ಇಂದಿಗೂ ಬೇರಿಂಗ್ ವಿನ್ಯಾಸದ ತಳಪಾಯ. ಆದರೆ ಅದಕ್ಕೆ ಷರತ್ತುಗಳಿವೆ. ಮೇಲ್ಮೈ ನುಣುಪಾಗಿರಬೇಕು, ಘರ್ಷಣೆ ಇರಬಾರದು, ಮುಟ್ಟುವ ಜಾಗ ವಸ್ತುಗಳಿಗಿಂತ ಬಹಳ ಚಿಕ್ಕದಾಗಿರಬೇಕು. ಟೈರು, ರಬ್ಬರ್ ಸೀಲು, ಕಾರಿನ ಬಾಗಿಲಿಗೆ ತಗಡು ಒತ್ತುವ ಅಚ್ಚು ಇವ್ಯಾವುವೂ ಆ ಚೌಕಟ್ಟಿಗೆ ಒಗ್ಗುವುದಿಲ್ಲ.

ತೊಡಕು ಎಲ್ಲಿದೆ ಎಂದು ಗಣಿತದಲ್ಲಿ ನಿಖರವಾಗಿ ಹೇಳಿದವರು ಇಟಲಿಯ ಆಂಟೋನಿಯೊ ಸಿನ್ಯೋರಿನಿ, 1933ರಲ್ಲಿ. ಎರಡು ವಸ್ತುಗಳ ನಡುವಿನ ಅಂತರ ಸೊನ್ನೆಗಿಂತ ಕಡಿಮೆಯಾಗುವಂತಿಲ್ಲ. ಅವುಗಳ ನಡುವಿನ ಬಲ ಒತ್ತಬಹುದೇ ಹೊರತು ಎಳೆಯುವಂತಿಲ್ಲ. ಅಂತರ ಇದ್ದಲ್ಲಿ ಬಲ ಇಲ್ಲ, ಬಲ ಇದ್ದಲ್ಲಿ ಅಂತರ ಇಲ್ಲ. ಎಲ್ಲಿ ಮುಟ್ಟಿದೆ ಎಂಬುದು ಗೊತ್ತಾಗುವುದು ಉತ್ತರ ಬಂದ ಮೇಲೆ, ಆದರೆ ಉತ್ತರ ತೆಗೆಯಲು ಅದು ಮೊದಲೇ ಗೊತ್ತಿರಬೇಕು. ಇಂಥ ಪ್ರಶ್ನೆಗೆ ಉತ್ತರವೊಂದು ಇದ್ದೇ ಇದೆ ಎಂದು ಸಿನ್ಯೋರಿನಿಯವರ ಶಿಷ್ಯ ಗಯೆಟಾನೊ ಫಿಕೇರಾ ಸಾಧಿಸಿದ್ದು 1963ರ ಜನವರಿಯಲ್ಲಿ. ಗುರು ತೀರಿಕೊಂಡದ್ದು ಮರುತಿಂಗಳು. ಅಲ್ಲಿಂದ ವೇರಿಯೇಷನಲ್ ಅಸಮತೆಗಳೆಂಬ ಹೊಸ ಗಣಿತ ಶಾಖೆಯೇ ಬೆಳೆಯಿತು.

ಕಂಪ್ಯೂಟರಿನ ಮುಂದಿದ್ದ ಕಷ್ಟ ಬೇರೆ ಬಗೆಯದು. ನ್ಯೂಟನ್-ರಾಫ್ಸನ್ ವಿಧಾನ ಪ್ರತಿ ಸುತ್ತಿನಲ್ಲೂ ಇಳಿಜಾರು ಯಾವ ಕಡೆಗಿದೆ ಎಂದು ನೋಡಿ ಹೆಜ್ಜೆ ಇಡುತ್ತದೆ. ಮುಟ್ಟುವ ಕ್ಷಣದಲ್ಲಿ ಇಳಿಜಾರೇ ಥಟ್ಟನೆ ಬದಲಾಗುತ್ತದೆ. ಹಾಗಾಗಿ ಒಂದು ಸುತ್ತಿನಲ್ಲಿ ಮುಟ್ಟಿದ ನೋಡ್ ಮುಂದಿನದರಲ್ಲಿ ಬಿಟ್ಟುಕೊಳ್ಳುತ್ತದೆ, ಅದರ ಮುಂದಿನದರಲ್ಲಿ ಮತ್ತೆ ಮುಟ್ಟುತ್ತದೆ. ಈ ತೊಯ್ದಾಟವೇ ಎಂಜಿನಿಯರುಗಳು ಹೇಳುವ ಚಾಟರಿಂಗ್.

1970ರಲ್ಲಿ ವಿಲ್ಸನ್ ಮತ್ತು ಪಾರ್ಸನ್ಸ್, 1971ರಲ್ಲಿ ಚಾನ್ ಮತ್ತು ಟ್ಯೂಬಾ ಮೊದಲ ಲೆಕ್ಕಗಳನ್ನು ಪ್ರಕಟಿಸಿದರು. ಇದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗ ಬೇರೆಯದೇ ದಾರಿ ಹಿಡಿಯಿತು. ವಿಮಾನದ ಭಾಗಗಳನ್ನು ಜೋಡಿಸುವ ಪಿನ್ನುಗಳು ಅವರ ವಿಷಯ. ಭಾರ ಏರಿದಂತೆ ಪಿನ್ನು ರಂಧ್ರದ ಒಂದು ಬದಿಯಿಂದ ಕಳಚಿಕೊಳ್ಳುತ್ತದೆ, ಮುಟ್ಟುವ ಕಮಾನು ಬದಲಾಗುತ್ತ ಹೋಗುತ್ತದೆ. ಇಷ್ಟು ಭಾರಕ್ಕೆ ಕಮಾನು ಎಷ್ಟು ಎಂದು ಕೇಳಿದರೆ ಮತ್ತೆ ಮತ್ತೆ ಊಹಿಸಿ ತಿದ್ದಬೇಕು. ಎ. ಕೆ. ರಾವ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿದರು: ಕಮಾನು ಇಷ್ಟು ಎಂದು ಮೊದಲೇ ಇಟ್ಟುಕೊಂಡು, ಅದಕ್ಕೆ ತಕ್ಕ ಭಾರ ಎಷ್ಟು ಎಂದು ಕೇಳಿದರು. ಘರ್ಷಣೆ ಇಲ್ಲದ ಪಿನ್ನಿಗೆ ಆಗ ಸಮಸ್ಯೆ ಸರಳ ರೇಖೀಯವಾಗುತ್ತದೆ, ಊಹಿಸಿ ತಿದ್ದುವ ಗೋಜೇ ಇಲ್ಲ. 1978ರ ರಾವ್ ಅವರ ಪ್ರಬಂಧದ ಈ ಯೋಚನೆಯನ್ನು ಮಂಗಲಗಿರಿ, ದತ್ತಗುರು ಮತ್ತು ರಾವ್ 1984ರಲ್ಲಿ ಫೈನೈಟ್ ಎಲಿಮೆಂಟ್ ರೂಪದಲ್ಲಿ ಮುಂದುವರಿಸಿದರು. ಎಲ್ಲ ಆಕಾರಗಳಿಗೂ ಈ ಉಪಾಯ ನಡೆಯದು, ನಿಜ. ಆದರೂ ಕಂಪ್ಯೂಟರ್ ದುಬಾರಿಯಾಗಿದ್ದ ಕಾಲದಲ್ಲಿ ಪ್ರಶ್ನೆ ತಿರುಗಿಸಿಯೇ ಕಷ್ಟ ಕರಗಿಸಿದ ಈ ಕೆಲಸಕ್ಕೆ ಇಂದಿನ ಪಠ್ಯಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಲ್ಲಬೇಕು.

ಸಾರ್ವತ್ರಿಕ ತಂತ್ರಾಂಶಗಳಿಗೆ ಉಳಿದದ್ದು ಮುಖ್ಯವಾಗಿ ಎರಡು ದಾರಿ. ಲಗ್ರಾಂಜ್ ಗುಣಕಗಳನ್ನು ಬಳಸಿದರೆ ತೂರಿಕೆ, ಅಂದರೆ ಒಂದು ವಸ್ತು ಇನ್ನೊಂದರೊಳಗೆ ನುಗ್ಗುವುದು, ಎಳ್ಳಷ್ಟೂ ಇರದು, ಆದರೆ ಸಮೀಕರಣಗಳ ಸಂಖ್ಯೆ ಹೆಚ್ಚುತ್ತದೆ, ಮುಟ್ಟು-ಬಿಡುವಿನ ತೊಯ್ದಾಟವೂ ಹೆಚ್ಚುತ್ತದೆ. ಪೆನಾಲ್ಟಿ ವಿಧಾನದಲ್ಲಿ ಮೇಲ್ಮೈಗಳ ನಡುವೆ ಬಿಗಿಯಾದ ಸ್ಪ್ರಿಂಗ್ ಇದೆಯೆಂದು ಭಾವಿಸಿ, ಚೂರು ತೂರಿಕೆಯನ್ನು ಒಪ್ಪಿಕೊಳ್ಳಲಾಗುತ್ತದೆ. ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು. ಸ್ಪ್ರಿಂಗಿನ ಬಿಗಿತ ಮಿಲಿಮೀಟರಿಗೆ ಒಂದು ಲಕ್ಷ ನ್ಯೂಟನ್, ನೋಡ್ ಮೇಲಿನ ಬಲ 1,000 ನ್ಯೂಟನ್ ಎಂದಾದರೆ ತೂರಿಕೆ 0.01 ಮಿ.ಮೀ. ಬಿಗಿಯಾಗಿ ಕೂರಿಸಿದ ಶಾಫ್ಟಿನ ಹೆಚ್ಚುವರಿ ಅಳತೆಯೇ 0.02 ಮಿ.ಮೀ. ಇದ್ದರೆ ಅದರಲ್ಲಿ ಅರ್ಧ ಲೆಕ್ಕದಲ್ಲೇ ಸೋರಿಹೋಯಿತು. ಬಿಗಿತವನ್ನು ಸಾವಿರ ಪಟ್ಟು ಏರಿಸಿದರೆ ತೂರಿಕೆ ಮಾಯವಾಗುತ್ತದೆ, ಜೊತೆಗೆ ಕನ್ವರ್ಜೆನ್ಸೂ ಮಾಯವಾಗಬಹುದು.

1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಡೈನಾ3ಡಿ ತಂತ್ರಾಂಶ ಬರೆದರು. ಬಾಂಬು ನೆಲಕ್ಕಪ್ಪಳಿಸುವುದನ್ನು ಲೆಕ್ಕ ಹಾಕಲು. ಇದರ ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ ಕನ್ವರ್ಜ್ ಆಗಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಬದಲಿಗೆ ಕಾಲವನ್ನು ಚೂರುಚೂರು ಮಾಡಬೇಕು: ಉಕ್ಕಿನಲ್ಲಿ ಅಲೆ 5 ಮಿ.ಮೀ. ದಾಟಲು ಸುಮಾರು ಒಂದು ಮೈಕ್ರೋಸೆಕೆಂಡ್ ಸಾಕು, ಹೆಜ್ಜೆ ಅದಕ್ಕಿಂತ ದೊಡ್ಡದಾಗುವಂತಿಲ್ಲ. ಹತ್ತನೇ ಒಂದು ಸೆಕೆಂಡಿನಲ್ಲಿ ಮುಗಿಯುವ ಕಾರಿನ ಡಿಕ್ಕಿಗೆ ಲಕ್ಷ ಹೆಜ್ಜೆ ಸಾಕು, ಪರವಾಗಿಲ್ಲ. ನಿಧಾನವಾಗಿ ಬಿಗಿಯುವ ಬೋಲ್ಟಿಗೆ ಅದು ಹೇಳಿ ಮಾಡಿಸಿದ್ದಲ್ಲ.

ನಿಧಾನದ ಕೆಲಸಗಳಿಗೆ ತಿರುವು ಸಿಕ್ಕಿದ್ದು 1985ರಲ್ಲಿ. ಪೀಟರ್ ವ್ರಿಗರ್ಸ್ ಮತ್ತು ಹುವಾನ್ ಸಿಮೊ ಸಂಪರ್ಕದ ನಿಖರ ಟ್ಯಾಂಜೆಂಟ್ ಬಿಗಿತವನ್ನು, ಅಂದರೆ ನ್ಯೂಟನ್-ರಾಫ್ಸನ್ ವಿಧಾನಕ್ಕೆ ಬೇಕಾದ ಇಳಿಜಾರನ್ನು, ಬರೆದು ತೋರಿಸಿದರು. ಮುಟ್ಟಿದ ಜಾಗ ಒಮ್ಮೆ ನಿಂತರೆ ಸಾಕು, ದೋಷ ನೂರರಲ್ಲಿ ಒಂದರಿಂದ ಹತ್ತು ಸಾವಿರದಲ್ಲಿ ಒಂದಕ್ಕೆ, ಅಲ್ಲಿಂದ ಹತ್ತು ಕೋಟಿಯಲ್ಲಿ ಒಂದಕ್ಕೆ ಧುಮುಕುತ್ತದೆ. 1991ರಲ್ಲಿ ಅಲಾರ್ ಮತ್ತು ಕ್ಯುರ್ನಿಯೆ, 1992ರಲ್ಲಿ ಸಿಮೊ ಮತ್ತು ಲಾರ್ಸೆನ್ ಪೆನಾಲ್ಟಿಯನ್ನೂ ಲಗ್ರಾಂಜ್ ಗುಣಕವನ್ನೂ ಬೆಸೆದ ಆಗ್ಮೆಂಟೆಡ್ ವಿಧಾನವನ್ನು ಘರ್ಷಣೆಗೆ ಅಳವಡಿಸಿದರು. ಇಂದು ಅನೇಕ ತಂತ್ರಾಂಶಗಳಲ್ಲಿ ಈ ವಿಧಾನದ ಒಂದಲ್ಲ ಒಂದು ರೂಪ ಸಿಗುತ್ತದೆ.

ಅಷ್ಟರಲ್ಲಿ ಮತ್ತೊಂದು ಬಿರುಕು ಕಂಡಿತ್ತು. ಒಂದು ಬದಿಯ ನೋಡ್ ಇನ್ನೊಂದು ಬದಿಯ ಮುಖದೊಳಗೆ ಹೋಗದಂತೆ ತಡೆಯುವ ಹಳೆಯ ಕ್ರಮದಲ್ಲಿ, ಎರಡು ಮೆಶ್ ಹೊಂದದಿದ್ದರೆ ಏಕರೂಪದ ಒತ್ತಡವೂ ಸರಿಯಾಗಿ ದಾಟುವುದಿಲ್ಲ ಎಂಬುದನ್ನು 1991ರ ಟೇಲರ್-ಪಾಪಡೋಪೌಲೋಸ್ ಪರೀಕ್ಷೆ ಎತ್ತಿ ತೋರಿಸಿತು. ಮುಖದಿಂದ ಮುಖಕ್ಕೆ ಸರಾಸರಿಯಲ್ಲಿ ಷರತ್ತು ಹೇರುವ ಮಾರ್ಟಾರ್ ವಿಧಾನ ಇದಕ್ಕೆ ಮದ್ದಾಯಿತು. ದೊಡ್ಡ ರೂಪಾಂತರಗಳಿಗೆ ಅದನ್ನು 2004ರಲ್ಲಿ ಪೂಸೊ ಮತ್ತು ಲಾರ್ಸೆನ್ ಸಜ್ಜುಗೊಳಿಸಿದರು. 2020ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕಡೆಯಿಂದ ಬಂದ ಐಪಿಸಿ ವಿಧಾನ ಇನ್ನೂ ಮುಂದೆ ಹೋಗಿ, ಯಾವ ಸುತ್ತಿನಲ್ಲೂ ತೂರಿಕೆ ಆಗದಂತೆ ಅಂತರಕ್ಕೇ ಬೇಲಿ ಹಾಕಿತು. ಅದರ ಗಣನೆಯ ಖರ್ಚು ಸಣ್ಣದಲ್ಲ.

ಇಷ್ಟಾದರೂ ಮೇಜಿನ ಮುಂದಿನ ಕೆಲಸ ತಪ್ಪಿಲ್ಲ. ಅಬಾಕಸ್ ತಂತ್ರಾಂಶ ಉತ್ತರ ಸಿಗದಾಗ ಹೆಜ್ಜೆಯನ್ನು ಸಾಮಾನ್ಯವಾಗಿ ಕಾಲು ಭಾಗಕ್ಕೆ ಇಳಿಸುತ್ತದೆ, ಐದು ಪ್ರಯತ್ನ ಸೋತರೆ ನಿಲ್ಲುತ್ತದೆ. ಆಗ ಅನುಭವಿಗಳು ಮೊದಲು ನೋಡುವುದು ಯಾವ ಭಾಗ ಹಿಡಿತವಿಲ್ಲದೆ ತೇಲುತ್ತಿದೆ ಎಂದು. ಮೊದಲ ಹಂತದಲ್ಲಿ ಬಲದ ಬದಲು ಸ್ಥಾನಪಲ್ಲಟ ಕೊಟ್ಟು ಮೆಲ್ಲಗೆ ಮುಟ್ಟಿಸುತ್ತಾರೆ, ಬಲ ಬರುವುದು ಆಮೇಲೆ. ಮುಟ್ಟುವ ಜಾಗದಲ್ಲಿ ಮೆಶ್ ಸಣ್ಣದಾಗಿಸುತ್ತಾರೆ, ಚೂಪಾದ ಮೂಲೆ ದುಂಡಗೆ ಮಾಡುತ್ತಾರೆ. ಘರ್ಷಣೆ ಹೆಚ್ಚಿದ್ದರೆ ಸಮೀಕರಣಗಳ ಸಮಮಿತಿ ಮುರಿಯುವುದರಿಂದ ಅಸಮಮಿತ ಸಾಲ್ವರ್ ಆಯ್ದುಕೊಳ್ಳುತ್ತಾರೆ. ಇವೆಲ್ಲ ಒಳ್ಳೆಯ ಚಿಕಿತ್ಸೆ. ಅಪಾಯ ಇರುವುದು ಕೃತಕ ಸ್ಥಿರೀಕರಣದ ಗುಂಡಿ ಒತ್ತಿ ಸುಮ್ಮನಾಗುವುದರಲ್ಲಿ. ಲೆಕ್ಕ ಮುಗಿಯುತ್ತದೆ, ಬಣ್ಣದ ಚಿತ್ರವೂ ಬರುತ್ತದೆ, ಭಾರದ ಒಂದು ಪಾಲನ್ನು ಹೊತ್ತಿರುವುದು ಮಾತ್ರ ಇಲ್ಲದ ಡ್ಯಾಂಪರ್.

ಆದ್ದರಿಂದ ಸಂಪರ್ಕದ ವಿಶ್ಲೇಷಣೆ ಮಾಡುವವರೂ ಅದಕ್ಕೆ ಸಹಿ ಹಾಕುವವರೂ ವರದಿಯಲ್ಲಿ ಬಣ್ಣದ ಚಿತ್ರದ ಪಕ್ಕದಲ್ಲೇ ಮೂರು ಅಂಕಿಗಳನ್ನು ಬರೆಯಲಿ: ಅತಿ ಹೆಚ್ಚಿನ ತೂರಿಕೆ ಎಷ್ಟು, ಸ್ಥಿರೀಕರಣಕ್ಕೆ ಹೋದ ಶಕ್ತಿ ಒಟ್ಟು ಶಕ್ತಿಯಲ್ಲಿ ಎಷ್ಟು ಪಾಲು, ಮುಟ್ಟಿದ ಮೇಲ್ಮೈಯ ಬಲಗಳ ಮೊತ್ತ ಹೇರಿದ ಭಾರಕ್ಕೆ ತಾಳೆಯಾಗುತ್ತದೆಯೇ.