ಲಾಗರ್ ಬಿಯರ್

ಲಾಗರ್ ಎಂಬುದು ಕಡಿಮೆ ಉಷ್ಣತೆಯಲ್ಲಿ ಹುದುಗಿಸಿ, ಅನಂತರ ಹಲವು ವಾರಗಳ ಕಾಲ ಶೀತದಲ್ಲಿಟ್ಟು ಪಕ್ವಗೊಳಿಸುವ ಬಿಯರ್‌ನ ಒಂದು ವರ್ಗ. ದಾಸ್ತಾನು ಮಾಡು, ಸಂಗ್ರಹಿಸಿಡು ಎಂಬ ಅರ್ಥದ ಜರ್ಮನ್ ಪದದಿಂದ ಈ ಹೆಸರು ಬಂದಿದೆ. ಜಗತ್ತಿನಲ್ಲಿ ಮಾರಾಟವಾಗುವ ಬಿಯರ್‌ನ ಬಹುಪಾಲು ಈ ವರ್ಗಕ್ಕೆ ಸೇರಿದ್ದು, ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಕಿಂಗ್‌ಫಿಷರ್ ಕೂಡ ಲಾಗರ್ ಆಗಿದೆ. ಲಾಗರ್ ಎಂದರೆ ತಿಳಿಹಳದಿ ಬಣ್ಣದ ಹಗುರ ಬಿಯರ್ ಎಂಬ ರೂಢಿಯ ತಿಳಿವಳಿಕೆ ಅಪೂರ್ಣವಾದುದು. ಕಪ್ಪು ಬಣ್ಣದ, ಹೊಗೆಯ ವಾಸನೆಯ, ಶೇ. 7ಕ್ಕೂ ಹೆಚ್ಚು ಮದ್ಯಸಾರವುಳ್ಳ ಲಾಗರ್‌ಗಳೂ ಇವೆ.

ತಯಾರಿಕೆ

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ದೊರೆಯುತ್ತದೆ. ಕರ್ನಾಟಕದ ಮನೆಗಳಲ್ಲಿ ಮೊಳಕೆ ಕಟ್ಟಿದ ರಾಗಿಯಿಂದ ಮಾಡುವ ರಾಗಿ ಮಾಲ್ಟ್‌ನ ತತ್ತ್ವವೂ ಇದೇ: ಮೊಳಕೆಯೊಡೆಯುವಾಗ ಉಂಟಾಗುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲವು. ಪುಡಿಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ ಪಡೆದ ಸಿಹಿರಸವನ್ನು ಕಹಿ ಮತ್ತು ಪರಿಮಳಕ್ಕಾಗಿ ಹಾಪ್ಸ್ ಹೂಗಳೊಡನೆ ಕುದಿಸಿ, ತಣಿಸಿ, ಯೀಸ್ಟ್ ಸೇರಿಸಲಾಗುತ್ತದೆ. ಬಿಯರ್‌ನ ಬಣ್ಣವು ಮಾಲ್ಟನ್ನು ಎಷ್ಟು ಹುರಿಯಲಾಗಿದೆ ಎಂಬುದನ್ನು ಅವಲಂಬಿಸಿದೆ. ಬಣ್ಣಕ್ಕೂ ಅಮಲಿಗೂ ನೇರ ಸಂಬಂಧವಿಲ್ಲ.

ಲಾಗರನ್ನು ಏಲ್ ಎಂಬ ಇನ್ನೊಂದು ವರ್ಗದಿಂದ ಬೇರ್ಪಡಿಸುವುದು ಯೀಸ್ಟ್. ಏಲ್‌ನ ಯೀಸ್ಟ್ ಸಾಮಾನ್ಯವಾಗಿ 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡಿದರೆ, ಲಾಗರ್‌ನ ಸ್ಯಾಕರೋಮೈಸಿಸ್ ಪಾಸ್ಟೋರಿಯಾನಸ್ 7ರಿಂದ 13 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿಸಿ ಪಾತ್ರೆಯ ತಳದಲ್ಲಿ ನೆಲೆಸುತ್ತದೆ. ಇದು ಎರಡು ಪ್ರಭೇದಗಳ ಮಿಶ್ರತಳಿ. ಒಂದು ಪೂರ್ವಜ ಬ್ರೆಡ್ಡಿಗೂ ಏಲ್‌ಗೂ ಬಳಸುವ ಯೀಸ್ಟ್. ಚಳಿ ತಾಳುವ ಗುಣವನ್ನು ಕೊಟ್ಟ ಎರಡನೆಯ ಪೂರ್ವಜ ಬಹುಕಾಲ ನಿಗೂಢವಾಗಿತ್ತು. ಅರ್ಜೆಂಟೀನಾದ ಪಟಗೋನಿಯಾ ಕಾಡುಗಳಲ್ಲಿ ಅದು ಪತ್ತೆಯಾದುದನ್ನು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಇತಿಹಾಸ

ಬೇಸಿಗೆಯಲ್ಲಿ ಬಿಯರ್ ಬೇಗ ಕೆಡುತ್ತಿದ್ದುದರಿಂದ ಜರ್ಮನಿಯ ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನು ನಿಷೇಧಿಸಿತು. ಚಳಿಗಾಲದಲ್ಲಿ ತಯಾರಿಸಿ ತಂಪಾದ ನೆಲಮಾಳಿಗೆಗಳಲ್ಲಿ ಇಡುವ ಪದ್ಧತಿ ಇದರಿಂದ ಬಲಗೊಂಡಿತು. ಆ ಕಾಲದ ಲಾಗರ್ ಕಂದು ಬಣ್ಣದ್ದಾಗಿತ್ತು. ಇಂದಿನ ಹೊಂಬಣ್ಣದ ಲಾಗರ್ ರೂಪುಗೊಂಡದ್ದು 1842ರಲ್ಲಿ, ಈಗಿನ ಚೆಕ್ ಗಣರಾಜ್ಯದ ಪಿಲ್ಸೆನ್ ಪಟ್ಟಣದಲ್ಲಿ. ಬವೇರಿಯಾದಿಂದ ಬಂದ ಯೋಸೆಫ್ ಗ್ರೋಲ್ ಅಲ್ಲಿನ ಮೃದು ನೀರು, ತಿಳಿ ಮಾಲ್ಟ್ ಹಾಗೂ ಸಾಟ್ಜ್ ಹಾಪ್ಸ್ ಬಳಸಿ ಅದನ್ನು ತಯಾರಿಸಿದ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ರೂಪಿಸಿದ ಶೀತಲೀಕರಣ ಯಂತ್ರ ಮತ್ತು 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಬಳಕೆಗೆ ತಂದ ಶುದ್ಧ ಯೀಸ್ಟ್ ಲಾಗರನ್ನು ಚಳಿದೇಶಗಳ ಆಚೆಗೂ ಒಯ್ದವು. ಬೇಸಿಗೆಯಲ್ಲಿ 38 ಡಿಗ್ರಿ ದಾಟುವ ರೋಣ, ಬೆಳವಣಕಿಗಳ ಎರೆಸೀಮೆ ಹಾಗಿರಲಿ, ಬೆಂಗಳೂರಿನ ಹಿತವಾದ ಹವೆಯಲ್ಲೂ ಯಂತ್ರದ ನೆರವಿಲ್ಲದೆ ವರ್ಷವಿಡೀ ಲಾಗರ್ ತಯಾರಿಸುವುದು ಅಸಾಧ್ಯ.

ಪ್ರಕಾರಗಳು

ಪಿಲ್ಸ್‌ನರ್ ಹೊಂಬಣ್ಣದ್ದಾಗಿದ್ದು, ಹಾಪ್ಸ್‌ನ ಕಹಿ ಅದರಲ್ಲಿ ಎದ್ದು ಕಾಣುತ್ತದೆ. ಇದಕ್ಕೆ ಪೈಪೋಟಿಯಾಗಿ ಮ್ಯೂನಿಕ್‌ನ ಸ್ಪಾಟನ್ ಸಂಸ್ಥೆ 1894ರಲ್ಲಿ ತಂದ ಹೆಲ್ಲೆಸ್‌ನಲ್ಲಿ ಕಹಿ ಕಡಿಮೆ, ಮಾಲ್ಟ್‌ನ ಸವಿ ಹೆಚ್ಚು. ಡುಂಕೆಲ್ ಬವೇರಿಯಾದ ಹಳೆಯ ಕಂದು ಲಾಗರ್. ಶ್ವಾರ್ಟ್ಸ್‌ಬಿಯರ್ ಅದಕ್ಕಿಂತಲೂ ಕಪ್ಪು, ಆದರೆ ಕುಡಿಯಲು ಹಗುರ. 1841ರಲ್ಲಿ ಆಂಟನ್ ಡ್ರೆಹರ್ ತಯಾರಿಸಿದ ವಿಯೆನ್ನಾ ಲಾಗರ್ ತಾಮ್ರವರ್ಣದ್ದು. ಬಾಂಬರ್ಗ್ ನಗರದ ರೌಖ್‌ಬಿಯರ್‌ಗೆ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಮಾಲ್ಟ್ ಬಳಸುತ್ತಾರೆ. ಬಾಕ್ ಗಟ್ಟಿಯಾದ ಲಾಗರ್. ಐನ್‌ಬೆಕ್ ಎಂಬ ಊರಿನ ಹೆಸರು ಬವೇರಿಯನ್ನರ ಉಚ್ಚಾರಣೆಯಲ್ಲಿ ಹೀಗಾಯಿತು. ಆ ಪದಕ್ಕೆ ಜರ್ಮನ್‌ನಲ್ಲಿ ಹೋತ ಎಂಬ ಅರ್ಥವೂ ಇರುವುದರಿಂದ ಸೀಸೆಗಳ ಮೇಲೆ ಹೋತದ ಚಿತ್ರ ಬಂದಿತು. ಅಮೆರಿಕನ್ ಲಾಗರ್‌ನಲ್ಲಿ ಬಾರ್ಲಿಯ ಜೊತೆಗೆ ಮೆಕ್ಕೆಜೋಳ ಅಥವಾ ಅಕ್ಕಿ ಸೇರಿಸಿ ರುಚಿಯನ್ನು ಹಗುರಗೊಳಿಸಲಾಗುತ್ತದೆ. ಭಾರತದ ಹೆಚ್ಚಿನ ಸೀಸೆ ಬಿಯರ್‌ಗಳು ಇದಕ್ಕೇ ಹತ್ತಿರವಾದವು.

ಭಾರತ ಮತ್ತು ಕರ್ನಾಟಕದಲ್ಲಿ

ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲ್ಯಾಂಡಿನವನು 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದನು. ಸ್ವಾತಂತ್ರ್ಯದ ಹೊತ್ತಿಗೆ ಇದರ ಆಡಳಿತ ವಿಠ್ಠಲ ಮಲ್ಯ ಅವರ ಕೈಸೇರಿತು. 2021ರಿಂದ ನೆದರ್ಲೆಂಡ್ಸ್‌ನ ಹೈನೆಕೆನ್ ಬಹುಪಾಲು ಷೇರುಗಳನ್ನು ಹೊಂದಿದೆ.

ಭಾರತದ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಖರ್ಚಾಗುವುದು ‘ಸ್ಟ್ರಾಂಗ್’ ಬಿಯರ್. ಇದು ಯೀಸ್ಟ್‌ನ ದೃಷ್ಟಿಯಿಂದ ಲಾಗರ್ ಆದರೂ ಬಾಕ್ ಅಲ್ಲ. ಬಾಕ್‌ನ ಗಟ್ಟಿತನ ಮಾಲ್ಟ್‌ನಿಂದ ಬಂದರೆ, ಇದರಲ್ಲಿ ಅಕ್ಕಿ, ಸಕ್ಕರೆಗಳ ಪಾಲೂ ಇರುತ್ತದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ರೂಪಿಸಿದ ಮಾನದಂಡದಂತೆ ಗಾತ್ರದಲ್ಲಿ ಶೇ. 5ರವರೆಗಿನದು ಸಾಧಾರಣ, ಅದಕ್ಕಿಂತ ಹೆಚ್ಚಿನ ಶೇ. 8ರವರೆಗಿನದು ಸ್ಟ್ರಾಂಗ್. ಎರಡರ ಬಣ್ಣವೂ ಸೀಸೆಯೂ ಒಂದೇ ಬಗೆಯವು. ಆದರೆ 650 ಮಿಲಿ ಲೀಟರ್ ಸೀಸೆಯಲ್ಲಿ ಶೇ. 5ರ ಬಿಯರ್‌ನಿಂದ ಸುಮಾರು 26 ಗ್ರಾಂ, ಶೇ. 8ರದ್ದರಿಂದ ಸುಮಾರು 41 ಗ್ರಾಂ ಮದ್ಯಸಾರ ದೇಹ ಸೇರುತ್ತದೆ. ‘ಬಿಯರ್ ತಾನೇ’ ಎಂಬ ಮಾತು ಈ ಅಂತರವನ್ನು ಮರೆಸುತ್ತದೆ. ಸ್ಟ್ರಾಂಗ್ ಬಿಯರ್‌ನ ಚೀಟಿಯಲ್ಲಿ ಹಲವೊಮ್ಮೆ ನಿಖರ ಪ್ರಮಾಣದ ಬದಲು ‘ಶೇ. 5ಕ್ಕಿಂತ ಹೆಚ್ಚು, 8ಕ್ಕೆ ಮೀರದಂತೆ’ ಎಂಬ ವ್ಯಾಪ್ತಿ ಮಾತ್ರ ಮುದ್ರಿತವಾಗಿರುತ್ತದೆ.

2010ರಿಂದೀಚೆಗೆ ಬೆಂಗಳೂರಿನಲ್ಲಿ ಟಾಯ್ಟ್ ಮೊದಲಾದ ಕಿರು ಬ್ರೂವರಿಗಳು ಆರಂಭವಾದವು. ಲಾಗರ್ ತೊಟ್ಟಿಯನ್ನು ವಾರಗಟ್ಟಲೆ ಆಕ್ರಮಿಸುವುದರಿಂದ, ಬೇಗ ಸಿದ್ಧವಾಗುವ ಏಲ್ ಮತ್ತು ಗೋಧಿ ಬಿಯರ್‌ಗಳು ಇಂತಹ ಸಣ್ಣ ಘಟಕಗಳಿಗೆ ಹೆಚ್ಚು ಅನುಕೂಲಕರ.