ಮೊಳಕಾಲ್ಮೂರಿನ ಕಲ್ಲುಗಳೂ ಬಳ್ಳಾರಿಯ ಪಾದ್ರಿಗಳೂ

ಚಿತ್ರದುರ್ಗದ ಸೀಮೆಯ ಉತ್ತರದಂಚಿನಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆಗೆ ಬಾಯಿಬಿಡುವ ನಾಡುಗಳು. ಕುರಿಯ ಉಣ್ಣೆಯಿಂದ ಕಂಬಳಿಯನ್ನೂ ರೇಷ್ಮೆಯಿಂದ ಸೀರೆಯನ್ನೂ ನೇಯುವ ಜನರ ನೆಲೆಯಿದು. ಹಿರಿಯೂರಿನಿಂದ ಹೊರಟ ದಾರಿಯು ಚಳ್ಳಕೆರೆ, ಹಾನಗಲ್ಲು, ರಾಂಪುರಗಳನ್ನು ದಾಟಿ ಬಳ್ಳಾರಿಯನ್ನು ಸೇರುವುದು. 1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದಂದಿನಿಂದ 1953ರವರೆಗೆ ಈ ದಾರಿಯ ಒಂದು ತುದಿಯು ಮೈಸೂರಿಗೂ ಮತ್ತೊಂದು ತುದಿಯು ಮದರಾಸು ಪ್ರಾಂತಕ್ಕೂ ಸೇರಿದ್ದಿತು. ಆದರೆ ರಾಜ್ಯದ ಗಡಿಯು ಭಾಷೆಗೆ ಗಡಿಯಾಗಲಿಲ್ಲ. ಎರಡು ಕಡೆಯವರ ಕನ್ನಡವೂ ಒಂದೇ, ಸಂತೆಯೂ ಒಂದೇ, ಬರಗಾಲವೂ ಒಂದೇ. ಆದುದರಿಂದ ಈ ಭಾಗದಲ್ಲಿ ಕ್ರೈಸ್ತ ಮತವು ನಡೆದು ಬಂದ ಬಗೆಯನ್ನು ತಿಳಿಯಬೇಕೆನ್ನುವವರು ಬಳ್ಳಾರಿಯಿಂದಲೇ ಆರಂಭಿಸಬೇಕಾಗುವುದು. ಆ ಚರಿತ್ರೆಯ ಒಂದು ಎಳೆಯು ಕೊನೆಗೆ ಬಂದು ಮುಟ್ಟುವುದಾದರೋ, ಯಾರೂ ಎಣಿಸದಿದ್ದಂತೆ, ಮೊಳಕಾಲ್ಮೂರಿನ ಬಂಡೆಗಳನ್ನು.

ಲಂಡನ್ ಮಿಷನರಿ ಸಂಘವು 1795ರಲ್ಲಿ ಸ್ಥಾಪಿತವಾಯಿತು. ಆ ಕಾಲದಲ್ಲಿ ಪಾದ್ರಿಗಳು ಹಿಂದೂಸ್ಥಾನಕ್ಕೆ ಬರುವುದು ಕಂಪನಿಯವರಿಗೆ ಹಿತವಾಗಿರಲಿಲ್ಲ. ವ್ಯಾಪಾರಕ್ಕೂ ಆಳ್ವಿಕೆಗೂ ಮತದ ಮಾತು ತೊಡಕಾಗುವುದೆಂಬ ಭಯವು ಅವರಲ್ಲಿ ಮೊದಲೇ ಇದ್ದು, 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ತಿರುಗಿಬಿದ್ದ ಮೇಲೆ ಇನ್ನೂ ಹೆಚ್ಚಿತು. ಕಂಪನಿಯ ಸನ್ನದನ್ನು ಬದಲಾಯಿಸಿ ಪಾದ್ರಿಗಳಿಗೆ ದಾರಿ ಬಿಟ್ಟುಕೊಟ್ಟುದು 1813ರಲ್ಲಿ. ಅದಕ್ಕೂ ಮೂರು ವರ್ಷ ಮುಂಚೆ, 1810ರಲ್ಲಿ, ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಕನ್ನಡನಾಡಿಗೆ ಬಂದನು. ಸಂಘದವರು ಅವನಿಗೆ ಗೊತ್ತುಮಾಡಿದ್ದ ಊರು ಶ್ರೀರಂಗಪಟ್ಟಣ. ಅಲ್ಲಿ ನೆಲೆಯೂರಲು ಅನುಕೂಲವಾಗದೆ ಅವನು ಬಳ್ಳಾರಿಗೆ ಹೋಗಬೇಕಾಯಿತು. ದಂಡು ಇಳಿದಿದ್ದ, ಬಿಸಿಲು ಬಡಿಯುವ ಆ ಕೋಟೆಯೂರು ಅವನು ಆರಿಸಿಕೊಂಡುದಲ್ಲ, ಅವನಿಗೆ ಒದಗಿದುದು.

ಕ್ರೈಸ್ತರು ವಿಧೇಯತೆ ಎಂದು ಕರೆಯುವ ಗುಣದ ಅರ್ಥವು ಇಲ್ಲಿ ಬಿಚ್ಚಿಕೊಳ್ಳುವುದು. ಕಳುಹಿಸಿದ ಕಡೆಗೆ ಹೋಗುವುದು ಅದರ ಅರ್ಧಭಾಗ ಮಾತ್ರ. ಹೋಗಬೇಕೆಂದಿದ್ದ ಬಾಗಿಲು ಮುಚ್ಚಿದಾಗ, ತೆರೆದ ಬಾಗಿಲಿನೊಳಗೆ ಗೊಣಗದೆ ಹೊಕ್ಕು, ಅದನ್ನೇ ತನ್ನ ಪಾಲೆಂದು ನಂಬಿ ದುಡಿಯುವುದು ಉಳಿದರ್ಧ. ದೇವರ ಮೇಲಣ ಭರವಸೆಯೆಂಬುದು ಕೈಕಟ್ಟಿ ಕುಳಿತು ಕಾಯುವುದಲ್ಲವೆಂದೂ, ಫಲವನ್ನು ಕಾಣದೆ ಬಿತ್ತುವುದೆಂದೂ ಆ ಮತದವರು ಹೇಳುವರು. ಹ್ಯಾಂಡ್ಸನು ಬಿತ್ತಿದ ಹೊಲವಾದರೋ ಕನ್ನಡ ಭಾಷೆ.

ಅಚ್ಚಾದ ಕನ್ನಡ ವ್ಯಾಕರಣವೊಂದೂ ಅವನ ಕೈಗೆ ದೊರೆಯುವಂತಿರಲಿಲ್ಲ. ಸಿರಾಂಪುರದ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಹೊರಬಂದುದು 1817ರಲ್ಲಿ. ಮದರಾಸಿನಲ್ಲಿ ಮೆಕೆರಲನ ವ್ಯಾಕರಣವು ಪ್ರಕಟವಾದುದು 1820ರಲ್ಲಿ. ಉಪದೇಶಿಸಲು ಬಂದವನು ಮೊದಲು ವಿದ್ಯಾರ್ಥಿಯಾಗಬೇಕಾಯಿತು. ಸತ್ಯವೇದವನ್ನು ಕನ್ನಡಿಸುವಾಗ ಬರುವ ಕಷ್ಟವು ವ್ಯಾಕರಣದ ಕಷ್ಟವೊಂದೇ ಅಲ್ಲ. ದೇವರು, ಕರ್ತ, ಕೃಪೆ, ಪಾಪ, ನಂಬಿಕೆ, ರಕ್ಷಣೆ ಎಂಬ ಮಾತುಗಳೆಲ್ಲ ಕನ್ನಡದಲ್ಲಿ ಆಗಲೇ ಬದುಕಿ ಬೆಳೆದಿದ್ದುವು. ಶರಣರು ನುಡಿದು, ದಾಸರು ಹಾಡಿ, ಮನೆಮನೆಯ ಹೆಂಗಸರು ಸಂಜೆಯ ದೀಪದ ಮುಂದೆ ಉಚ್ಚರಿಸಿ, ಅವಕ್ಕೆ ತಮ್ಮ ತಮ್ಮ ಅರ್ಥಗಳನ್ನು ತುಂಬಿದ್ದರು. ಹೊರಗಿನಿಂದ ಬಂದ ಮತವು ಆ ಮಾತುಗಳನ್ನು ಎರವಾಗಿ ಪಡೆಯದೆ ಬಾಯಿ ತೆರೆಯುವಂತಿರಲಿಲ್ಲ. ಮತಾಂತರಿಸಲು ಬಂದವನೇ ಹೀಗೆ ನಾಡಿನ ಸಾಲಗಾರನಾದನು.

ಸುಮಾರು ಇಪ್ಪತ್ತು ವರ್ಷಗಳ ಕೆಲಸದ ಬಳಿಕ, 1831ರಲ್ಲಿ, ಸತ್ಯವೇದವು ಸಂಪೂರ್ಣವಾಗಿ ಕನ್ನಡದಲ್ಲಿ ಹೊರಬಂದಿತು. ಅದು ದೋಷವಿಲ್ಲದ ಭಾಷಾಂತರವಾಗಿರಲಿಲ್ಲ. ಮುಂದಿನ ತಲೆಮಾರಿನವರಾದ ಬಾಸೆಲ್ ಮಿಷನ್ನಿನ ವೈಗ್ಲೆ, ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಮೊದಲಾದವರು ಸೇರಿ ಅದನ್ನು ತಿದ್ದಲು ಮತ್ತೂ ಹಲವು ವರ್ಷಗಳು ಹಿಡಿದುವು. ತನ್ನ ಜೀವಮಾನದ ದುಡಿಮೆಯು ಮುಂದಿನವರ ತಿದ್ದುಪಡಿಗೆ ಕರಡಾಗುವುದನ್ನು ಸಹಿಸುವುದೂ ಒಂದು ಬಗೆಯ ವಿಧೇಯತೆಯೇ ಸರಿ.

ಬಳ್ಳಾರಿಯಲ್ಲಿ ಹ್ಯಾಂಡ್ಸನ ಜೊತೆಗಾರನಾಗಿದ್ದ ವಿಲಿಯಂ ರೀವ್ ಎಂಬವನು ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿಯೂ, ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಪ್ರಕಟಿಸಿದನು. ಬಳ್ಳಾರಿಯಲ್ಲಿ ಮಿಷನ್ನಿನ ಮುದ್ರಣಾಲಯವೂ ಏರ್ಪಟ್ಟಿತು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು, ಮರುವರ್ಷ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಯಲ್ಲಿಯೇ ಅಚ್ಚಾಯಿತು. 1846ರಲ್ಲಿ ಅಲ್ಲಿ ಆರಂಭವಾದ ಮಿಷನ್ ಶಾಲೆಗೆ ಅದರ ಸ್ಥಾಪಕನಾದ ವಾರ್ಡ್ಲಾ ಪಾದ್ರಿಯ ಹೆಸರೇ ನಿಂತಿತು.

ಈ ಫಲಗಳನ್ನು ಎಣಿಸುವಾಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಮರೆಮಾಡುವುದು ನ್ಯಾಯವಲ್ಲ. ಈ ಪಾದ್ರಿಗಳಲ್ಲಿ ಅನೇಕರು ನಾಡಿನ ದೇವಸ್ಥಾನಗಳನ್ನೂ ಪೂಜೆಯನ್ನೂ ಕುರಿತು ಆಡಿದ ಮಾತು ಕಠಿನವಾಗಿದ್ದಿತು. ಅರಿಯುವ ಮೊದಲೇ ತೀರ್ಪು ಹೇಳುವ ಆತುರವು ಅವರಲ್ಲಿದ್ದಿತು. ಆಳುವವರ ಬಣ್ಣವೂ ಉಪದೇಶಿಸುವವರ ಬಣ್ಣವೂ ಒಂದೇ ಆಗಿದ್ದುದರಿಂದ, ಪ್ರೀತಿಯ ಮಾತಿನ ಹಿಂದೆ ಅಧಿಕಾರದ ನೆರಳು ಜನರಿಗೆ ಕಾಣಿಸುತ್ತಿದ್ದುದು ಸಹಜ. ಎಲ್ಲಕ್ಕಿಂತ ಹೆಚ್ಚಾದ ಬೆಲೆಯನ್ನು ತೆತ್ತವರಾದರೋ ಪಾದ್ರಿಗಳಲ್ಲ, ಅವರ ಮಾತನ್ನು ನಂಬಿದ ಕನ್ನಡಿಗರು. ಸ್ನಾನದೀಕ್ಷೆ ಪಡೆದವನಿಗೆ ಜಾತಿಯವರ ಪಂಕ್ತಿ ತಪ್ಪುತ್ತಿದ್ದಿತು, ಬಾವಿಯ ನೀರು ತಪ್ಪುತ್ತಿದ್ದಿತು, ತಂದೆಯ ಮನೆಯ ಹೊಸ್ತಿಲೂ ತಪ್ಪುತ್ತಿದ್ದಿತು. ಮತ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ಕಂಪನಿಯ ಆಡಳಿತದ ಪ್ರಾಂತಗಳಲ್ಲಿ ಕಾನೂನು ಬಂದುದು 1850ರಲ್ಲಿ. ಕಾನೂನು ಹೊಲವನ್ನು ಉಳಿಸಿಕೊಡಬಹುದು; ತಾಯಿಯ ಮಾತನ್ನು ಉಳಿಸಿಕೊಡಲಾರದು. ದೇವರಿಗೆ ವಿಧೇಯನಾಗಬೇಕೆಂದು ಹೊರಟವನು ಹೆತ್ತವರಿಗೆ ಅವಿಧೇಯನೆನಿಸಿಕೊಂಡ ಸಂಕಟವು ಈ ಚರಿತ್ರೆಯ ನಡುವಿನ ಗಂಟು. ಇದನ್ನು ಬಿಡಿಸದೆ ಮಿಷನ್ನುಗಳನ್ನು ಹೊಗಳುವುದೂ ಸುಲಭ, ತೆಗಳುವುದೂ ಸುಲಭ.

ಸತ್ಯವೇದವನ್ನು ತಿದ್ದಿದವರಲ್ಲಿ ಒಬ್ಬನೆಂದು ಮೇಲೆ ಹೇಳಿದ ಬೆಂಜಮಿನ್ ರೈಸನು 1837ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯೇ ಐವತ್ತು ವರ್ಷ ಸೇವೆಮಾಡಿದವನು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಅವನಿಗೆ ಹುಟ್ಟಿದ ಮಗನೇ ಬಿ. ಎಲ್. ರೈಸ್. ಅದೇ 1837ರಲ್ಲಿಯೇ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀ ಲಿಪಿಯ ಕೀಲಿಯನ್ನು ಕಂಡುಹಿಡಿದನು. ಮಗನು ಪಾದ್ರಿಯಾಗಲಿಲ್ಲ, ಮೈಸೂರಿನ ವಿದ್ಯಾ ಇಲಾಖೆಯಲ್ಲಿ ಕೆಲಸಮಾಡಿ, ಬಳಿಕ ಪ್ರಾಚೀನ ಸಂಶೋಧನೆಯ ಇಲಾಖೆಗೆ ಮುಖ್ಯಸ್ಥನಾದನು. ಆದರೆ ಕನ್ನಡದ ನುಡಿ ಅವನಿಗೆ ಹುಟ್ಟಿದ ಮನೆಯಿಂದಲೇ ಬಂದುದು. ಅವನು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಸೇರಿವೆ, ಪಂಪನ ಭಾರತವನ್ನು 1898ರಲ್ಲಿ ಅಚ್ಚಿಗೆ ತಂದವನೂ ಅವನೇ.

1892ರಲ್ಲಿ ಅವನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದನು. ಮೌರ್ಯರ ಆಳ್ವಿಕೆಯು ಕನ್ನಡನಾಡಿನ ಒಳಗೆ ಇಷ್ಟು ದೂರ ಹಬ್ಬಿದ್ದಿತೆಂಬುದು ಜಗತ್ತಿಗೆ ತಿಳಿದುದು ಆಗ. ಸುವರ್ಣಗಿರಿಯಲ್ಲಿದ್ದ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ನಿರೂಪದಲ್ಲಿ ಇರುವುದೇನು? ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಧರ್ಮ. ಹೆತ್ತವರಿಂದ ಮಗನನ್ನು ಅಗಲಿಸಿತೆಂಬ ದೂರನ್ನು ಹೊತ್ತ ಮಿಷನ್ನಿನ ಮನೆಯಲ್ಲಿ ಹುಟ್ಟಿದವನು, ಹೆತ್ತವರ ಸೇವೆಯನ್ನು ಮೊದಲ ಧರ್ಮವೆಂದು ಸಾರುವ ಕಲ್ಲನ್ನು ಈ ನಾಡಿಗೆ ಓದಿ ಹೇಳಿದನು.

ಅಶೋಕನದೂ ಒಂದು ಧರ್ಮಪ್ರಚಾರವೇ. ಅವನ ಮಾತು ಬಂದುದು ಪ್ರಾಕೃತದಲ್ಲಿ. ಅದನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ಕಸುಬಿನ ಹೆಸರನ್ನು ದೂರದ ವಾಯವ್ಯ ಸೀಮೆಯ ಖರೋಷ್ಠೀ ಅಕ್ಷರದಲ್ಲಿ ಕೆತ್ತಿರುವನು. ಈ ನೆಲದ ಮಾತಿನಲ್ಲಿ ಅದು ಬರಲಿಲ್ಲ. ಕಾಲಕ್ರಮದಲ್ಲಿ ಓದುವವರಿಲ್ಲದೆ ಬಂಡೆಯು ಮೌನವಾಗಿ, ಕುರಿಗಾಹಿಗಳು ಬಿಸಿಲಿಗೆ ಒರಗುವ ಕಲ್ಲಾಗಿ ಉಳಿಯಿತು. ಬಳ್ಳಾರಿಯ ಪಾದ್ರಿಗಳಿಗೆ ಚಕ್ರವರ್ತಿಯ ಅಧಿಕಾರವಿರಲಿಲ್ಲ, ಕಲ್ಲಿನ ಬಾಳಿಕೆಯೂ ಇರಲಿಲ್ಲ. ಕಾಗದವಿದ್ದಿತು, ಮತ್ತು ಜನರ ಮಾತನ್ನು ಕಲಿಯುವ ತಾಳ್ಮೆಯಿದ್ದಿತು. ತಮ್ಮ ಮಾತನ್ನು ಕೇಳಿಸಲು ಬಂದವರಿಗೆ ಮೊದಲು ಕೇಳುವುದನ್ನು ಕಲಿಸಿದುದು ಆ ತಾಳ್ಮೆಯೇ.

ಲಂಡನ್ ಮಿಷನ್ನಿನ ಬಳ್ಳಾರಿಯ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಕೂಡಿದುವು. ಬಳ್ಳಾರಿಯು 1953ರಲ್ಲಿ ಕನ್ನಡನಾಡಿನೊಳಗೆ ಕೂಡಿತು. ಹ್ಯಾಂಡ್ಸನು ಬೇಡಿದುದು ಆತ್ಮಗಳ ಸುಗ್ಗಿಯನ್ನು. ಕನ್ನಡಕ್ಕೆ ದೊರೆತುದು ನಿಘಂಟು, ಅಚ್ಚಿನ ಮೊಳೆ, ಶಾಲೆಯ ಮಣೆ, ಶಾಸನದ ಓದು. ಬೇಡಿದುದು ಒಂದು, ಬೆಳೆದುದು ಮತ್ತೊಂದು ಎಂದು ಕೆಲವರು ಇದನ್ನು ಸೋಲೆನ್ನಬಹುದು. ಆದರೆ ಬಿತ್ತುವುದಷ್ಟೇ ತನ್ನದು, ಬೆಳೆಯು ದೇವರದು ಎಂದು ನಂಬಿದವನಿಗೆ, ಬೆಳೆಯು ಯಾವುದಾಗಬೇಕೆಂದು ಗೊತ್ತುಮಾಡುವ ಹಕ್ಕು ಮೊದಲಿನಿಂದಲೂ ಇರಲಿಲ್ಲವಷ್ಟೆ.