ನಗರ ವನ್ಯಜೀವಿ ಛಾಯಾಗ್ರಹಣ

ನಗರಗಳಲ್ಲಿ ಮನುಷ್ಯರ ನಡುವೆ ಸ್ವತಂತ್ರವಾಗಿ ಬದುಕುವ ಕಾಡುಪ್ರಾಣಿಗಳನ್ನು ಚಿತ್ರೀಕರಿಸುವ, ವನ್ಯಜೀವಿ ಛಾಯಾಗ್ರಹಣದ ಒಂದು ಶಾಖೆ. ಕಟ್ಟಡ, ರಸ್ತೆ, ಬೀದಿದೀಪಗಳನ್ನು ಚೌಕಟ್ಟಿನಿಂದ ಹೊರಗಿಡದೆ ಪ್ರಾಣಿಯ ನೆಲೆಯ ಭಾಗವಾಗಿಯೇ ತೋರಿಸುವುದು ಇದರ ಲಕ್ಷಣ.

ವಿಧಾನ: ನಗರದ ಚಿರತೆ, ಪುನುಗುಬೆಕ್ಕು ಮೊದಲಾದವು ಹೆಚ್ಚಾಗಿ ರಾತ್ರಿ ಸಂಚರಿಸುವುದರಿಂದ ಕ್ಯಾಮೆರಾ ಟ್ರ್ಯಾಪ್ ಮುಖ್ಯ ಸಾಧನ. ಪ್ರಾಣಿ ಹಾಯುವ ಜಾಡಿನಲ್ಲಿ ಕ್ಯಾಮೆರಾ, ಫ್ಲ್ಯಾಶ್ ಅಳವಡಿಸಿಡುತ್ತಾರೆ; ಇನ್‌ಫ್ರಾರೆಡ್ ಸೆನ್ಸರ್ ಚಲನೆಯನ್ನು ಗುರುತಿಸಿದೊಡನೆ ಚಿತ್ರ ತಾನಾಗಿ ದಾಖಲಾಗುತ್ತದೆ.

ಪ್ರಮುಖ ಚಿತ್ರಗಳು: ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಹಾಲಿವುಡ್ ಫಲಕದ ಹಿನ್ನೆಲೆಯಲ್ಲಿ ನಡೆಯುವ ಪಿ-22 ಎಂಬ ಪ್ಯೂಮಾವನ್ನು ಸ್ಟೀವ್ ವಿಂಟರ್ ಸೆರೆಹಿಡಿದರು; ಚಿತ್ರ 2013ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲಿ ಪ್ರಕಟವಾಯಿತು. ಮುಂಬೈನ ಓಣಿಯೊಂದರಲ್ಲಿ ಸಾಗುವ ಚಿರತೆಯ ಚಿತ್ರಕ್ಕೆ ನಯನ್ ಖಾನೋಲ್ಕರ್ ಅವರು 2016ರ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯ ನಗರ ವಿಭಾಗದ ಪ್ರಶಸ್ತಿ ಪಡೆದರು. ಲಂಡನ್ನಿನ ಸುರಂಗ ರೈಲು ನಿಲ್ದಾಣದಲ್ಲಿ ತಿನಿಸಿನ ಚೂರಿಗಾಗಿ ಕಾದಾಡುವ ಇಲಿಗಳ ಚಿತ್ರ ಸ್ಯಾಮ್ ರೌಲಿ ಅವರಿಗೆ ಇದೇ ಸ್ಪರ್ಧೆಯ ಜನಮೆಚ್ಚಿನ ಪ್ರಶಸ್ತಿ ತಂದಿತು.

ನೀತಿ: ಆಹಾರದ ಆಮಿಷ ಒಡ್ಡುವುದು, ಗೂಡಿನ ಬಳಿ ಗುಂಪುಗೂಡುವುದು ಸಲ್ಲದು. ಬೆಂಗಳೂರಿನ ಹಳೆಯ ಮರಗಳಲ್ಲಿ ಉಳಿದಿರುವ ನಿಶಾಚರಿ ಕಾಡುಪಾಪದ ಕಣ್ಣಿಗೆ ಪ್ರಖರ ಬೆಳಕು ತೊಂದರೆ ಕೊಡುವುದರಿಂದ ವೀಕ್ಷಕರು ಮಂದ ಕೆಂಪು ಬೆಳಕನ್ನು ಬಳಸುತ್ತಾರೆ. ಕಳ್ಳಬೇಟೆಯ ಭಯವಿರುವ ಪ್ರಾಣಿಗಳ ನಿಖರ ಸ್ಥಳವನ್ನು ಚಿತ್ರದ ಜೊತೆ ಪ್ರಕಟಿಸುವುದಿಲ್ಲ.